ಗುರುಶಾಂತವ್ವನ ಹೆಪ್ಪು

"ಮುಚ್ಚಳಾ ಮುಚ್ಚವಾ... ಹಾಲಿಗೆ ದೃಷ್ಟಿ ಆಗ್ತತಿ!"

ಬೆನ್ನ ಹಿಂದೆಯೇ ಬಂದ ಹೆಂಗಸಿನ ದನಿಗೆ ದಾಕ್ಷಾಯಿಣಿ ಬೆಚ್ಚಿಬಿದ್ದು ಗಡಿಗೆಯ ಮುಚ್ಚಳವನ್ನು ಟಪ್ಪನೆ ಮುಚ್ಚಿದಳು.

"ತಪ್ಪಾತ್ರಿ ಅವ್ವಾರ..." ಎನ್ನುತ್ತಾ ತಿರುಗಿದಳು.

ಯಾರೂ ಇರಲಿಲ್ಲ!

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಬನವಾಸಿಯ ಪೇಟೆಯಲ್ಲಿ ಮೂರು ತಿಂಗಳಿಂದ ಮುಚ್ಚಿದ್ದ ಒಂದು ಖಾನಾವಳಿಯ ಅಡುಗೆಮನೆ ಅದು. ಒಲೆಯಲ್ಲಿ ಬೂದಿ ತಣ್ಣಗಿತ್ತು. ಗೋಡೆಗೆ ಸಾಲಾಗಿ ಏಳು ಮಣ್ಣಿನ ಗಡಿಗೆಗಳು, ಒಂದೊಂದರ ಮೇಲೂ ಸುಣ್ಣದಲ್ಲಿ ಬರೆದ ತಾರೀಖು. ಅವಳ ತೋಳಿನ ಕೂದಲೆಲ್ಲ ನೆಟ್ಟಗೆ ನಿಂತವು.

ಅವಳು ಇಲ್ಲಿಗೆ ಬಂದದ್ದಾದರೂ ಯಾಕೆ? ಸಿರಸಿಯಲ್ಲಿ ರೂಮು ಮಾಡಿಕೊಂಡು ಒಂದು ಸಂಶೋಧನೆಗಾಗಿ ಮನೆಮನೆಯ ಹೆಪ್ಪು ಸಂಗ್ರಹಿಸುವುದು ಅವಳ ಕೆಲಸ. ಯಾವ ಮನೆಯ ಮೊಸರಿನಲ್ಲಿ ಎಂಥ ಜೀವಾಣು ಇದೆ, ಅದು ಹೊಟ್ಟೆಗೆ ಏನು ಒಳ್ಳೆಯದು ಮಾಡುತ್ತದೆ ಎಂದು ನೋಡುವ ಯೋಜನೆ. ಹೆಗಲಿಗೆ ಐಸ್ ಹಾಕಿದ ಪೆಟ್ಟಿಗೆ, ಅದರಲ್ಲಿ ಸಣ್ಣ ಸಣ್ಣ ಬಾಟಲಿ. ಬಾಗಿಲು ತೆರೆದಿತ್ತು, ನಾಲ್ಕು ಸಲ ಕೂಗಿದಳು, ಯಾರೂ ಓಗೊಡಲಿಲ್ಲ... ಒಳಗೇ ನಡೆದಳು! ಬಾಗಿಲು ತೆರೆದಿದೆ ಅಂತ ಯಾರದೋ ಅಡುಗೆಮನೆಗೆ ನುಗ್ಗಿ ಗಡಿಗೆ ಇಣುಕುವ ಹುಡುಗಿಗೆ ಏನು ಹೇಳೋಣ ಹೇಳಿ? ಹೆತ್ತವ್ವನೇ ಹೇಳಿ ಹೇಳಿ ಸೋತಿದ್ದಾಳೆ.

"ಯಾರ್ರಿ ನೀವು?"

ಈ ಸಲ ಗಂಡಸಿನ ದನಿ. ಹಿತ್ತಲ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೂವತ್ತು ದಾಟಿರಬಹುದು. ಅಂಗಿ ಹೆಗಲಿನಿಂದ ಜಾರುವಷ್ಟು ಬಡಕಲು. ಕಣ್ಣು ಮಾತ್ರ ದೊಡ್ಡವು, ಒಳ್ಳೆಯವು.

'ಅಯ್ಯೋ ದೇವರೇ, ಇವನಿಗೆ ಊಟ ಹಾಕುವವರು ಯಾರೂ ಇಲ್ಲವೇ?' ದಾಕ್ಷಾಯಿಣಿಗೆ ಮೊದಲು ಅನ್ನಿಸಿದ್ದು ಅದೇ.

"ಹೆಪ್ಪು ಕೇಳಾಕ ಬಂದಿದ್ದೆರಿ. ಕೂಗಿದೆ... ನಿಮ್ಮ ಮನ್ಯಾಗ ಹಿರೇರು ಬೈದ್ರು, ಮುಚ್ಚಳಾ ಮುಚ್ಚು ಅಂತ. ಎಲ್ಲಿ ಹೋದ್ರೋ ಏನೋ..."

ಅವನ ಮುಖದ ಬಣ್ಣ ಇಳಿದುಹೋಯಿತು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಿಮಗೂ... ಕೇಳಿಸ್ತೇನ್ರಿ?"

ಅವನ ಹೆಸರು ಶಂಭುಲಿಂಗ. ಖಾನಾವಳಿ ಅವನ ಅವ್ವ ಗುರುಶಾಂತವ್ವನದು. ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಮೇಲೊಂದು ಬಟ್ಟಲು ಗಟ್ಟಿ ಮೊಸರು. ಆ ಮೊಸರಿಗಾಗಿಯೇ ಸೊರಬದಿಂದ ಬಸ್ಸು ಹತ್ತಿ ಬರುವವರಿದ್ದರು! ನಲವತ್ತು ವರ್ಷ ಒಂದು ದಿನವೂ ಕಡಿಯದೆ ನಡೆದುಬಂದ ಹೆಪ್ಪು ಅದು. ಜನವರಿಯಲ್ಲಿ ಗುರುಶಾಂತವ್ವ ಆಸ್ಪತ್ರೆ ಸೇರಿದಳು. ಒಂಬತ್ತು ದಿನ. ದಿನವೂ ಮಗನಿಗೆ ಹೇಳುತ್ತಿದ್ದಳು, ಮನೆಗೆ ಹೋಗಿ ಹೆಪ್ಪು ಹಾಕಿ ಬಾ ಎಂದು.

"ನಾ ಹೋಗಲಿಲ್ರಿ. ಅವ್ವನ ಬಿಟ್ಟು ಹೆಂಗ ಹೋಗ್ಲಿ? ಆಕಿನ್ನ ಮಣ್ಣು ಮಾಡಿ ಬಂದು ನೋಡಿದ್ರ ಗಡಿಗ್ಯಾಗ ಹುಳ ಆಗಿದ್ವು." ಶಂಭುಲಿಂಗ ನೆಲ ನೋಡುತ್ತಾ ಹೇಳಿದ. "ಅವತ್ತಿನಿಂದ ಏಳು ಮನೀ ಹೆಪ್ಪು ತಂದು ಹಾಕೇನಿ. ಈ ಮನ್ಯಾಗ ಹಾಲು ಹೆಪ್ಪಾಗವಲ್ದು."

"ಒಡೀತೈತೇನ್ರಿ?"

"ಒಡದಿದ್ರ ಚಲೋ ಇತ್ತು. ಆ ತುದೀದು ನಾಕು ದಿನದ್ದು. ಮೂಸಿ ನೋಡ್ರಿ."

ಅವಳು ಅಂಜುತ್ತಲೇ ಬಾಗಿದಳು. ಈ ಬಿಸಿಲಿಗೆ ಬೆಳಗಿನ ಹಾಲು ಸಂಜೆಗೆ ಹುಳಿಯಾಗಬೇಕು. ಆದರೆ ಗಡಿಗೆಯ ಹಾಲು ಈಗಷ್ಟೇ ಕಾಯಿಸಿ ಆರಿಸಿಟ್ಟಂತೆ ಘಮ್ಮೆನ್ನುತ್ತಿತ್ತು. ಹೆಪ್ಪಾಗದ, ಒಡೆಯದ, ಕೆಡದ ಹಾಲು! ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಅವ್ವ ಸಿಟ್ಟಾಗ್ಯಾಳ," ಎಂದ ಅವನು, ಹವಾಮಾನ ಹೇಳಿದಷ್ಟು ಸಲೀಸಾಗಿ. "ದಿನಾ ಒಂದು ಹೆಜ್ಜಿ ಹತ್ರ ಬರ್ತಾಳ. ನನ್ನ ಕರಕೊಂಡು ಹೋಗಾಕ."

ದಾಕ್ಷಾಯಿಣಿ ಆ ದಿನ ಬಾಟಲಿ ತುಂಬಿಸಿಕೊಂಡು ಓಡಿಹೋಗಬೇಕಿತ್ತು. ಯಾರಾದರೂ ಓಡುತ್ತಿದ್ದರು. ಆದರೆ ಎರಡು ದಿನ ಬಿಟ್ಟು ಮತ್ತೆ ಬಂದಳು. ಆಮೇಲೆ ಮತ್ತೆ. 'ಕೆಲಸಕ್ಕೆ ಬಂದದ್ದು' ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪಾಪ, ನಂಬುವವರು ಯಾರಿದ್ದರು!

ಅವನ ಸಂಗತಿ ಒಂದೊಂದಾಗಿ ತಿಳಿಯಿತು. ಅವ್ವ ಹೋದ ವಾರದಲ್ಲೇ ಅವನಿಗೆ ವಿಷಮಶೀತ ಜ್ವರ ಹಿಡಿದಿತ್ತು. ವಾರಗಟ್ಟಲೆ ಕಡಕ್ ಗುಳಿಗೆ ನುಂಗಿದ್ದ. ಜ್ವರ ಬಿಟ್ಟಿತು, ಹೊಟ್ಟೆ ಮಾತ್ರ ಕೆಟ್ಟದ್ದು ಕೆಟ್ಟೇ ಹೋಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಮೊಸರು ತಿನ್ನು ಎಂದಿದ್ದರು ಡಾಕ್ಟರು. ಬೇರೆ ಮನೆಯ ಮೊಸರು ಬಾಯಿಗಿಟ್ಟರೆ ವಾಂತಿ. ತೂಕ ನಲವತ್ತಾರು ಕಿಲೋ. ಇನ್ನೆರಡು ಕಿಲೋ ಇಳಿದರೆ ಜೀವಕ್ಕೇ ಕಷ್ಟ, ಕೂಡಲೇ ಭರ್ತಿ ಆಗಬೇಕು ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಅವನು ಒಪ್ಪಿರಲಿಲ್ಲ. ಅವ್ವ ಸತ್ತ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವಂತೆ.

"ಗುಳಿಗಿ ರೋಗದ ಹುಳಾನ ಕೊಲ್ತು, ಚಲೋ ಆತು," ದಾಕ್ಷಾಯಿಣಿ ವಿವರಿಸುತ್ತಿದ್ದಳು. "ಆದ್ರ ಹೊಟ್ಟ್ಯಾಗ ಒಳ್ಳೇವೂ ಇರ್ತಾವಲ್ರಿ, ಅನ್ನ ಕರಗಿಸೋವು... ಅವೂ ಅದರ ಕೂಡ ಹೋದ್ವು. ಅವನ್ನ ಒಂದೊಂದ ತಿರುಗಿ ಕರದು ಕೂಡಸಬೇಕು."

"ನೀವು ಡಾಕ್ಟರೇನ್ರಿ?"

"ಅಲ್ಲ. ಡಾಕ್ಟರು ಹೇಳಿದ್ದನ್ನ ಕೇಳದವರ ತಲೀ ತಿನ್ನೋ ಪೈಕಿ."

ಅವನು ನಕ್ಕುಬಿಟ್ಟ. ಮೂರು ತಿಂಗಳಲ್ಲಿ ಮೊದಲ ಸಲ! ಅದೇ ಗಳಿಗೆಗೆ ಯಾರೂ ಇಲ್ಲದ ಅಡುಗೆಮನೆಯಲ್ಲಿ ಬಳೆ ಸದ್ದಾಯಿತು. ಅವನು ಬಾಗಿಲ ಕಡೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಅವಳಿಗೆ ಭಯಕ್ಕೆ ಎದೆ ಬಡಿಯಿತೋ, ಅವನು ನೋಡಿದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

ರಾತ್ರಿ ನೀರು ಹಾಕಿಟ್ಟ ಅನ್ನದ ತಿಳಿಯನ್ನು ಬೆಳಿಗ್ಗೆ ಸೋಸಿ, ಚಿಟಿಕೆ ಉಪ್ಪು ಹಾಕಿ, ಎರಡೇ ಚಮಚ ಕುಡಿಸಿದಳು. ನಿಂತಿತು! ಮರುದಿನ ಮೂರು ಚಮಚ. ಅದೂ ನಿಂತಿತು. ನಾಲ್ಕನೆಯ ದಿನ ಎಲ್ಲ ಹೊರಗೆ ಬಂತು. ಅವತ್ತು ಅವನು ಗೋಡೆಗೆ ಒರಗಿ, "ಸಾಕ್ರಿ ದಾಕ್ಷಾಯಿಣಿಯವರ, ಆಕಿ ಬಿಡೂದಿಲ್ಲ," ಎಂದಾಗ ಅವಳು ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅವಳು ಹಿತ್ತಲಿನಲ್ಲಿದ್ದಾಗಲೇ ಆ ಅನಾಹುತ ಆದದ್ದು.

ಬೆಂಚಿನ ಮೇಲೆ ಅವಳ ನೋಟ್‌ಬುಕ್ ತೆರೆದಿತ್ತು. ಶಂಭುಲಿಂಗ ಓದಿದ. 'ಮಾದರಿ 41. ಹೆಪ್ಪು ಸತ್ತಿದೆ. ಮನೆಯಲ್ಲಿ ಒಬ್ಬನೇ ಗಂಡಸು, 31 ವರ್ಷ, 46 ಕಿಲೋ. ದಿನಕ್ಕೆ ಆರು ಸಲ ಭೇದಿ. ಉಳಿಯುವುದು ಅನುಮಾನ.'

ಅವಳು ಒಳಗೆ ಬಂದಾಗ ಅವನು ಪುಸ್ತಕವನ್ನು ಚಾಚಿದ.

"ನಲವತ್ತೊಂದನೇ ನಂಬರ್ ನಾನೇನ್ರಿ?"

"ಅಯ್ಯ, ಹಂಗಲ್ರಿ... ಅದು ಸಿರಸಿ ಡಾಕ್ಟರಿಗೆ..."

"ನಾ ಸಾಯ್ತೇನೋ ಉಳೀತೇನೋ ಬರಕೊಳ್ಳಾಕ ಬರ್ತಿದ್ರಿ ನೀವು. ನಾ ಹುಚ್ಚ... ನಾ ಬ್ಯಾರೇನ ತಿಳಕೊಂಡಿದ್ದೆ." ದನಿ ಒಡೆಯಿತು. "ಹೋಗ್ರಿ. ಮತ್ತ ಬರಬ್ಯಾಡ್ರಿ."

"ನನ್ನ ಮಾತು ಒಂದು ಕೇಳ್ರಿ!"

"ಹೋಗ್ರಿ ಅಂದೆ!"

ಅವಳು ಹೊರಗೆ ಬಂದಳು. ಮೊದಮೊದಲು ಅವಳು ಹಾಗೆ ಬರೆದದ್ದು ನಿಜ. ಆಮೇಲೆ ಆ ಪುಟವನ್ನು ಡಾಕ್ಟರಿಗೆ ತೋರಿಸಿ, ಉಳಿಸೋದು ಹೇಗೆ ಅಂತ ಗೋಗರೆದದ್ದೂ ನಿಜ. ಆದರೆ ಬರೆದ ಅಕ್ಷರವನ್ನು ಅಳಿಸುವುದು ಹೇಗೆ? ಬಸ್ಸಿನಲ್ಲಿ ಸಿರಸಿ ಬರುವವರೆಗೂ ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದಳು.

ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಎರಡೇ ದಿನ ಅತ್ತಳು. ಮೂರನೆಯ ದಿನ ಆ ಮನೆಯಿಂದ ತಂದಿಟ್ಟಿದ್ದ ಹಾಲಿನ ಬಾಟಲಿಗೆ ಪರೀಕ್ಷೆಯ ಪಟ್ಟಿ ಅದ್ದಿದಳು. ಹಾಲಿನಲ್ಲಿ ಔಷಧಿ ಇದೆಯೇ ಎಂದು ತೋರಿಸುವ ಪಟ್ಟಿ ಅದು. ನೋಡನೋಡುತ್ತಿದ್ದಂತೆ ಅದರ ಬಣ್ಣ ಬದಲಾಯಿತು.

ಅವಳು ಬನವಾಸಿಗೆ ಹೋಗಿ, ಆ ಮನೆಗೆ ಹಾಲು ಹಾಕುವ ಮಾದೇವನನ್ನು ಹಿಡಿದಳು.

"ನಿಮ್ಮ ಆಕಳಿಗೆ ಏನು ಔಷಧಿ ಮಾಡೀರಿ?"

"ಗಂಗೆಗೇನ್ರಿ? ಮೂರು ತಿಂಗಳಿಂದ ಕೆಚ್ಚಲ ಬಾವು. ಬಿಟ್ಟು ಬಿಟ್ಟು ಬರ್ತೈತಿ. ಮೊಲಿಗೆ ಔಷಧಿ ಟ್ಯೂಬ್ ಹಾಕ್ತೇವಿ." ಮಾದೇವ ತಲೆ ಕೆರೆದುಕೊಂಡ. "ಹಾಲು ಕೆಲವು ದಿನ ಕೊಡಬ್ಯಾಡ ಅಂದಿದ್ರು ಖರೆ. ಆದ್ರ ಶಂಭುಗೆ ಗಂಗೆ ಹಾಲ ಬೇಕು. ಅವ್ವ ಅದರಾಗ ಹೆಪ್ಪು ಹಾಕ್ತಿದ್ಲು ಅಂತ ಅಳ್ತಾನ. ಇಲ್ಲಾ ಅನ್ನೂದು ಹೆಂಗ್ರಿ?"

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು! ಅವನ ಹೊಟ್ಟೆಗೂ ಗಡಿಗೆಗೂ ಬಂದದ್ದು ಒಂದೇ ರೋಗ. ಆಕಳಿನ ಔಷಧಿ ಹೆಪ್ಪನ್ನು ಕೊಲ್ಲುತ್ತಿತ್ತು. ಆದರೆ ನಾಲ್ಕು ದಿನ ಆ ಬಿಸಿಲಿನಲ್ಲಿ ಹಾಲು ಹಾಗೇ ಘಮಘಮ ಅನ್ನುವಷ್ಟು? ಮತ್ತೆ ಆ ದನಿ? ಅದಕ್ಕೆ ಅವಳ ಬಳಿ ಪಟ್ಟಿ ಇರಲಿಲ್ಲ.

"ಗುರುಶಾಂತವ್ವನ ಹೆಪ್ಪು ಬ್ಯಾರೆ ಎಲ್ಲೂ ಉಳಿದಿಲ್ಲೇನ್ರಿ?"

"ಇಲ್ಲದೇನು? ಖಾನಾವಳ್ಯಾಗ ರೊಟ್ಟಿ ಬಡೀತಿದ್ದ ಶಿಲ್ಪಾ ಲಗ್ನ ಆಗಿ ಸಿದ್ದಾಪುರದ ಕಡೆ ಕೋಲಸಿರ್ಸಿಗೆ ಹೋಗೂಮುಂದ ಆಕಿಗೆ ಕೊಟ್ಟು ಕಳಿಸಿದ್ಲು."

"ಹಂಗಾರ ಅಲ್ಲಿಂದ ಯಾಕ ತರಲಿಲ್ಲ? ಏಳು ಮನೀ ತಿರಗ್ಯಾರ!"

ಮಾದೇವ ಅವಳನ್ನು ವಿಚಿತ್ರವಾಗಿ ನೋಡಿದ. "ಕೊಟ್ಟ ಹೆಪ್ಪು ತಿರುಗಿ ಇಸಗೊಳ್ಳೂದಿಲ್ರಿ ಆ ಮನ್ಯಾಗ. ಇಸಗೊಂಡ್ರ ಅವರ ಮನಿ ಹಾಲು-ಹೈನ ಮುರದಂಗ. ಶಂಭು ಸತ್ರೂ ಕೇಳೂದಿಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ದಾಕ್ಷಾಯಿಣಿ ಬಾಡಿಗೆ ಸ್ಕೂಟಿಯಲ್ಲಿ ಕೋಲಸಿರ್ಸಿ ತಲುಪಿದ್ದಳು. ಗದ್ದೆ ಅಂಚಿನ ಮನೆ. ಅಂಗಳದಲ್ಲೇ ಶಿಲ್ಪಾ ನಿಂತಿದ್ದಳು, ಕೈಯಲ್ಲಿ ಬಾಳೆಎಲೆ ಕಟ್ಟಿದ ಸಣ್ಣ ಕುಡಿಕೆ. ದಾಕ್ಷಾಯಿಣಿ ಬಾಯಿ ತೆರೆಯುವ ಮೊದಲೇ ಅವಳು ಕುಡಿಕೆ ಚಾಚಿದಳು.

"ತಗಳಿ. ಹೆಪ್ಪು."

"ನಾ ಯಾರಂತ ಗೊತ್ತೇನ್ರಿ ನಿಮಗ?"

"ಹೆಸರು ಗೊತ್ತಿಲ್ಲ ಮಾರಾಯ್ರೆ. ನಿನ್ನೆ ಮಧ್ಯಾಹ್ನ ಗುರುಶಾಂತಕ್ಕ ಬಂದಿದ್ರು. ಎಷ್ಟು ಕರೆದ್ರೂ ಒಳಗೆ ಬರ್ಲಿಲ್ಲ, ನೀರೂ ಕುಡಿಲಿಲ್ಲ. 'ನಾಳೆ ಹೆಗಲಿಗೆ ಪೆಟ್ಟಿಗೆ ಹಾಕ್ಕೊಂಡು ಒಬ್ಬಳು ಬರ್ತಾಳೆ, ಅವಳ ಕೈಲಿ ಕೊಡು' ಅಂದ್ರು. ಯಾಕೋ ತುಂಬಾ ಸುಸ್ತಾಗಿದ್ರಪ್ಪ. ಅಡ್ಡಿಲ್ಲ ಅಲ್ದಾ ಅವರಿಗೆ?"

ಬೆಳಗಿನ ಬಿಸಿಲು ಬೆನ್ನ ಮೇಲಿತ್ತು. ಆದರೂ ದಾಕ್ಷಾಯಿಣಿಯ ಕೈಕಾಲು ತಣ್ಣಗಾದವು. ಈ ಹೆಂಗಸಿಗೆ ಸುದ್ದಿಯೇ ತಲುಪಿಲ್ಲ!

"ಗುರುಶಾಂತವ್ವ... ಜನವರಿಯೊಳಗ ತೀರಿಕೊಂಡ್ರು."

ಶಿಲ್ಪಾ ಜಗುಲಿಯ ಮೇಲೆ ಕುಸಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ದಾಕ್ಷಾಯಿಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವರೇ ಬಂದು ಹೇಳಿದ್ಮೇಲೆ ನಾ ಕೊಡ್ತೆ. ಆದ್ರೆ ಒಂದು ಮಾತು. ಹೊರಗಿನ ಹೆಣ್ಣು ಹೆಪ್ಪು ಹಿಡ್ಕೊಂಡು ಆ ಮನೆ ಹೊಸ್ತಿಲು ದಾಟಿದ್ರೆ ಸೊಸೆ ಆದ ಹಾಗೆ. ಗುರುಶಾಂತಕ್ಕನೂ ತೌರಿಂದ ಹಾಗೇ ತಂದದ್ದು. ಒಳಗೆ ಇಟ್ಟ ಮೇಲೆ ವಾಪಸ್ ಬರೋ ಹಾಗಿಲ್ಲ. ಗೊತ್ತಿದ್ದು ಹೋಗ್ತೀರಾ?"

'ಮತ್ತ ಬರಬ್ಯಾಡ್ರಿ' ಎಂದ ಮುಖ ಕಣ್ಣ ಮುಂದೆ ಬಂತು. ಇನ್ನೆರಡು ಕಿಲೋ... ಅಷ್ಟೇ ದೂರದಲ್ಲಿ ನಿಂತ ಮನುಷ್ಯ. ಅವನಿಲ್ಲದ ಬನವಾಸಿಗೆ ತಾನು ಯಾಕೆ ಹೋಗಬೇಕು? ಅವನಿಲ್ಲದ ಯಾವ ಊರಿಗಾದರೂ ಯಾಕೆ ಹೋಗಬೇಕು?

"ಈಗ ಗೊತ್ತಾತಲ್ರಿ," ಎಂದಳು. "ಕೊಡ್ರಿ."

ಹತ್ತು ಗಂಟೆಗೆ ಅವಳು ಖಾನಾವಳಿಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಕುಡಿಕೆ, ಇನ್ನೊಂದರಲ್ಲಿ ಔಷಧಿ ಸೋಂಕದ ಹಾಲಿನ ಕ್ಯಾನು. ಬೆಂಚಿನ ಮೇಲೆ ಮಲಗಿದ್ದ ಶಂಭುಲಿಂಗ ಗೋಡೆ ಹಿಡಿದು ಎದ್ದ. ಐದೇ ದಿನದಲ್ಲಿ ಇನ್ನೂ ಸೊರಗಿದ್ದ. ಕುಡಿಕೆ ಕಂಡೊಡನೆ ಅವನಿಗೆ ಅರ್ಥವಾಯಿತು.

"ಅಲ್ಲೇ ನಿಂದರ್ರಿ! ಅದು ಯಾರ ಮನೀದು?"

"ಕೋಲಸಿರ್ಸಿದು. ನಿಮ್ಮವ್ವನ ಕೊಡಿಸ್ಯಾಳ." ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗಂಗೆಯ ಕೆಚ್ಚಲು, ಪಟ್ಟಿಯ ಬಣ್ಣ, ಶಿಲ್ಪಾಳ ಅಂಗಳಕ್ಕೆ ಬಂದು ನೀರೂ ಕುಡಿಯದೆ ಹೋದ ಗುರುಶಾಂತವ್ವ. "ನೀವು ಹೆಪ್ಪು ಕೊಂದಿಲ್ರಿ, ಅದು ಇನ್ನೂ ಜೀವಂತ ಐತಿ. ಆಕಿಗೆ ಸಿಟ್ಟೂ ಇಲ್ಲ. ನಿಮ್ಮನ್ನ ಕರಕೊಂಡು ಹೋಗಾಕ ಬಂದಾಕಿ ಕೋಲಸಿರ್ಸಿಗೆ ಯಾಕ ಹೋಗ್ತಾಳ? ನಿಮ್ಮನ್ನ ಉಳಸೋರು ಯಾರರ ಸಿಗ್ತಾರೇನು ಅಂತ ಮನಿಮನಿ ತಿರಗ್ಯಾಳ!"

ಅವನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಆದರೂ ಕೈ ಅಡ್ಡ ಹಿಡಿದ.

"ಹೊಸ್ತಿಲಾ ದಾಟಬ್ಯಾಡ್ರಿ. ಅದನ್ನ ಹಿಡಕೊಂಡು ದಾಟಿದ್ರ ಏನರ್ಥ ಗೊತ್ತೈತೇನು?"

"ಗೊತ್ತು."

"ನಾ ಉಳಿಯೂದು ಅನುಮಾನ. ನೀವ ಬರದೀರಿ."

"ಬರದಾಕಿಗೆ ನಿಮ್ಮ ಪರಿಚಯ ಇರಲಿಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಆ ಪುಟಾನ ಡಾಕ್ಟರ ಮುಂದ ಹಿಡಕೊಂಡು, ಇವನ್ನ ಉಳಸ್ರಿ, ಇವ ನನಗ ಬೇಕು ಅಂದಾಕೀನೂ ನಾನ! ಅದನ್ನ ಕೇಳೂ ಪುರಸೊತ್ತು ಇತ್ತೇನು ನಿಮಗ? ಹೋಗ್ರಿ ಅಂದ್ರಿ... ಹೋಗಿದ್ದೆ. ಈಗ ಬಂದೇನಿ. ಸರೀರಿ ಆ ಕಡೆ!"

ಅವನು ಸರಿದ. ಅವಳು ಬಲಗಾಲಿಟ್ಟು ಒಳಗೆ ಬಂದಳು.

ಹಾಲು ಕಾಯಿಸಿ, ಬೆರಳು ತಡೆಯುವಷ್ಟು ಆರಿಸಿ, ಹೆಪ್ಪು ಹಾಕಿ ಮುಚ್ಚಿಟ್ಟಳು. ಒಲೆ ಆರಿಸಿ, ಅಡುಗೆಮನೆಯ ಕದ ಎಳೆದುಕೊಂಡಳು. ಇಬ್ಬರೂ ಹೊರಗೆ ಬೆಂಚಿನ ಮೇಲೆ ಕುಳಿತರು. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಮುಚ್ಚಿದ ಕದದ ಆಚೆ ಸದ್ದು ಶುರುವಾಯಿತು.

ಟಪ್... ಟಪ್... ಟಪ್...

ರೊಟ್ಟಿ ಬಡಿಯುವ ಸದ್ದು! ನಡುನಡುವೆ ಸೀರೆಯ ಸರಬರ. ಒಂದು ಸಣ್ಣ ಕೆಮ್ಮು.

ಶಂಭುಲಿಂಗ ಅವಳ ಕೈ ಹಿಡಿದುಕೊಂಡ. ಬೆರಳೆಲ್ಲ ಮೂಳೆ. ಅವಳು ಬಿಗಿಯಾಗಿ ಹಿಡಿದಳು.

"ಅವ್ವ," ಎಂದ ಅವನು ಪಿಸುದನಿಯಲ್ಲಿ.

"ಏಳಬ್ಯಾಡ್ರಿ. ಆಕಿ ಕೆಲಸ ಆಕಿ ಮಾಡಲಿ."

ಐದರ ಸುಮಾರಿಗೆ ಸದ್ದು ನಿಂತಿತು. ಮನೆಯೆಲ್ಲ ಒಮ್ಮೆಲೇ ಖಾಲಿಯಾದ ಹಾಗೆ, ಅತಿಥಿ ಎದ್ದು ಹೋದ ಮೇಲಿನ ಹಾಗೆ ಆಯಿತು. ಅವರು ಕದ ತೆರೆದರು. ಒಲೆ ತಣ್ಣಗಿತ್ತು. ರೊಟ್ಟಿ ಇರಲಿಲ್ಲ, ಅದರ ಘಮ ಮಾತ್ರ ಇತ್ತು. ಗಡಿಗೆಯಲ್ಲಿ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಕೂತಿತ್ತು.

ದಾಕ್ಷಾಯಿಣಿ ಒಂದೇ ಒಂದು ಚಮಚ ತೆಗೆದು ಅವನ ಬಾಯಿಗಿಟ್ಟಳು. ಅವನು ಕಣ್ಣು ಮುಚ್ಚಿದ. ನುಂಗಿದ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುಳಿತ. ಹತ್ತು ನಿಮಿಷ. ಇಪ್ಪತ್ತು. ಅವಳು ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಅರ್ಧ ಗಂಟೆ ಕಳೆಯಿತು. ವಾಂತಿ ಬರಲಿಲ್ಲ. ಅವನ ಮುಖದಲ್ಲಿ ಮಾತ್ರ ಏನೋ ಗಲಿಬಿಲಿ, ಮರೆತುಹೋದದ್ದು ನೆನಪಾದವನಂತೆ.

"ಏನಾತ್ರಿ? ಸಂಕಟ ಆಗ್ತೇತೇನು? ಹೇಳ್ರಿ!"

"ಇಲ್ಲ... ದಾಕ್ಷಾ..." ಅವನು ಮಗುವಿನಂತೆ ಅವಳನ್ನು ನೋಡಿದ. "ಹಸಿವಾಗೇತಿ."

ಅವಳು ಅವನ ಎದೆಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು.

"ಹಸಿವು ಅಂದ್ರ ಅಳತಾರೇನು ಹುಚ್ಚಿ? ಇನ್ನೊಂದು ಚಮಚಾ ಹಾಕು."

"ಇವತ್ತಿಗೆ ಒಂದ. ನಾಳೆ ಎರಡು, ನಾಡದು ಮೂರು. ಮತ್ತ ಸೋಮವಾರ ಡಾಕ್ಟರ ಹತ್ರ ಹೋಗೂದು. ಮೆಟ್ಟಿಲಾ ಹತ್ತಂಗಿಲ್ಲ ಗಿತ್ತಂಗಿಲ್ಲ ಅಂದ್ರ ಹೊತ್ತುಕೊಂಡು ಹೋಗ್ತೇನಿ."

"ಹತ್ತತೇನಿ. ಪೂರಾ ಒಂದು ರೊಟ್ಟಿ ಉಣ್ಣೂದು ಯಾವಾಗ?"

"ಎರಡು ತಿಂಗಳಾಗಬಹುದು. ಗಡಿಬಿಡಿ ಮಾಡಂಗಿಲ್ಲ."

"ಅಲ್ಲಿತನಾ ಇರ್ತೀ?"

"ರೊಟ್ಟಿ ಬಡಿಯಾಕ ನನಗ ಬರೂದಿಲ್ರಿ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತಾ. "ಕಲಿಯಾಕ ಇನ್ನೂ ಐವತ್ತು ವರ್ಷ ಬೇಕು. ಅಲ್ಲಿತನಾ ನೀವು ಇರ್ರಿ, ಸಾಕು."